ನಿಂತಲ್ಲೇ ಕಾಲೆಳೆಯುವ ಕಸರತ್ತು

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಎಲ್ಲಿಗೆ ಹೊರಟರೂ ಅದರ ಹಿಂದೆ ಒಂದು ಕೊಡೆ, ಒಂದು ಬಟ್ಟೆಯ ಚೀಲ ಮತ್ತು ನಾನು ಹೊರಡುವುದು ವಾಡಿಕೆಯಾಗಿತ್ತು. ಆಟದ ವಿಷಯ ನನಗೆ ಗೊತ್ತಿತ್ತು ಎಂದಲ್ಲ. ಹೆಣ್ಣುಮಕ್ಕಳ ತಂಡದ ಜೊತೆಗೆ ಒಬ್ಬ ಶಿಕ್ಷಕಿ ಇರಬೇಕು. ಉಳಿದ ಶಿಕ್ಷಕಿಯರ ಮನೆಯಲ್ಲಿ ಸಣ್ಣ ಮಕ್ಕಳು. ನನ್ನ ಮಕ್ಕಳು ದೊಡ್ಡವರಾಗಿದ್ದರು. ಹೀಗೆ ಸಮಾಜ ವಿಜ್ಞಾನ ಕಲಿಸುವ ನಾನು ಮೈದಾನದ ಬದಿಯ ಕಟ್ಟೆಯ ಮೇಲೆ ಕೂರುವವಳಾದೆ. ಚೀಲದೊಳಗೆ ಗ್ಲೂಕೋಸ್ ಪೊಟ್ಟಣ, ಹತ್ತಿ, ಡೆಟ್ಟಾಲ್, ಸೇಫ್ಟಿ ಪಿನ್ನು, ಎರಡು ಪ್ಯಾಡು, ತಿದ್ದಲು ಉಳಿದ ಉತ್ತರ ಪತ್ರಿಕೆಗಳು.

ಸಂಜೆ ನಾಲ್ಕೂವರೆಗೆ ಅಭ್ಯಾಸ ಶುರು. ಹುಡುಗಿಯರು ಸಾಲಾಗಿ ನಿಲ್ಲುವರು. ಪಿ.ಟಿ. ಮಾಷ್ಟ್ರು ಸೀಟಿ ಊದುವರು. ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಪಾದವನ್ನು ಹಿಂದಿನಿಂದ ಹಿಡಿದು ಎಳೆಯಬೇಕು. ಆಮೇಲೆ ಮಂಡಿ ಮಡಿಸದೆ ಬಗ್ಗಿ ಕಾಲಿನ ಬೆರಳು ಮುಟ್ಟಬೇಕು. ಆಮೇಲೆ ಒದ್ದೆ ನೆಲದಲ್ಲೇ ಕಾಲು ಅಗಲಿಸಿ ಕೂತು ಮುಂದಕ್ಕೆ ಬಾಗಬೇಕು. ಒಂದೊಂದು ಭಂಗಿಗೂ ಮೂವತ್ತರವರೆಗೆ ಎಣಿಕೆ, ಪ್ರತಿ ಕಾಲಿಗೂ ಎರಡೆರಡು ಸಲ, ಕೆಲವು ದಿನ ಮೂರು ಸಲ. ಹದಿನೈದು ನಿಮಿಷ ಇದು ನಡೆಯುತ್ತಿತ್ತು. ಅದು ಮುಗಿದೊಡನೆ ಚೆಂಡನ್ನು ನಡುವೆ ಎಸೆದು, 'ಹ್ಞಾಂ, ಆಡಿ' ಎನ್ನುವುದು. ಕಟ್ಟೆಯ ಮೇಲಿನಿಂದ ನೋಡುತ್ತಿದ್ದ ನನಗೆ ಈ ಶಿಸ್ತು ಬಹಳ ಹಿಡಿಸಿತ್ತು. ತರಗತಿಯಲ್ಲಿ ಎರಡು ನಿಮಿಷ ಸುಮ್ಮನೆ ಕೂರದ ಹುಡುಗಿಯರು ಇಲ್ಲಿ ಕೊಕ್ಕರೆಗಳಂತೆ ಒಂಟಿ ಕಾಲಲ್ಲಿ ನಿಂತಿದ್ದಾರಲ್ಲ ಎಂದು ಮೆಚ್ಚಿಕೊಂಡಿದ್ದೆ.

ಆ ಮೆಚ್ಚುಗೆಯನ್ನು ನಾನೀಗ ಹಿಂದಕ್ಕೆ ಪಡೆಯುತ್ತಿದ್ದೇನೆ. ಫುಟ್‌ಬಾಲ್ ಅಭ್ಯಾಸಕ್ಕೆ ಮುಂಚೆ ಮಕ್ಕಳನ್ನು ತಣ್ಣಗೆ ನಿಲ್ಲಿಸಿ ಕಾಲೆಳೆಸುವುದು ನಮ್ಮ ಶಾಲೆಗಳಲ್ಲಿ ಪೂಜೆಗೆ ಮುಂಚಿನ ಗಂಟೆಯಂತೆ ಆಗಿಬಿಟ್ಟಿದೆ. ಅದು ಮಕ್ಕಳನ್ನು ಕಾಯುತ್ತದೆಂದು ನಾವು ನಂಬಿದ್ದೇವೆ. ಕಾಯುವುದಿಲ್ಲ. ನಿಜವಾಗಿ ಕಾಯಬಲ್ಲ ಇನ್ನೊಂದು ಕ್ರಮ ಇದೆ. ಅದಕ್ಕೆ ಬೇಕಾದ ಸಮಯವನ್ನು ಇದು ತಿಂದುಹಾಕುತ್ತದೆ. ಇದು ನನ್ನ ವಾದ. ಮೈದಾನದ ಮಾತು ನಮಗೇಕೆ ಎಂದು ಪುಟ ಮಗುಚಬೇಡಿ. ಅಲ್ಲಿ ಓಡುವವರು ನಮ್ಮ ಮಕ್ಕಳು. ಬಿದ್ದರೆ ಎತ್ತಿಕೊಂಡು ಆಸ್ಪತ್ರೆಗೆ ಅಲೆಯುವವರು ನಾವು.

2018ರ ಜುಲೈ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಇನ್ನು ಹತ್ತು ದಿನ ಇತ್ತು. ಮಳೆ ಆಗಷ್ಟೇ ಬಿಟ್ಟಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ, ನಮ್ಮ ತಂಡದ ಎಡಗಾಲಿನ ಆಟಗಾರ್ತಿ, ಚೆಂಡಿನ ಹಿಂದೆ ಓಡಿದಳು. ಚೆಂಡು ಬೇರೆ ಕಡೆ ತಿರುಗಿತು. ಅವಳೂ ಸರಕ್ಕನೆ ನಿಂತು ತಿರುಗಲು ನೋಡಿದಳು. ಅವಳ ಹತ್ತಿರ ಯಾರೂ ಇರಲಿಲ್ಲ. ಯಾರೂ ಒದೆಯಲಿಲ್ಲ, ತಳ್ಳಲಿಲ್ಲ. ಪಾದ ನೆಲದಲ್ಲಿ ಊರಿತ್ತು, ಮಂಡಿ ಒಳಕ್ಕೆ ವಾಲಿತು, ಅವಳು ಕುಸಿದು ಕೂತಳು. 'ಟಕ್ ಅಂತ ಕೇಳಿತು ಟೀಚರ್' ಎಂದಳು. ಅಳಲಿಲ್ಲ. ನಾಲ್ಕು ದಿನ ಎಣ್ಣೆ ತಿಕ್ಕಿ, ಸೊಪ್ಪು ಅರೆದು ಕಟ್ಟಿ, ಐದನೆಯ ದಿನ ಡಾಕ್ಟರರಲ್ಲಿಗೆ ಹೋದಾಗ ಮಂಡಿಯೊಳಗಿನ ಲಿಗಮೆಂಟ್ ಹರಿದಿರುವುದು ತಿಳಿಯಿತು. ಅದನ್ನು ಎ.ಸಿ.ಎಲ್. ಎನ್ನುತ್ತಾರೆ. ತೊಡೆಯ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ನಡುವೆ ಓರೆಯಾಗಿ ಬಿಗಿದ ಹಗ್ಗ ಅದು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿರುತ್ತದೆ. ಪೂರ್ತಿ ಹರಿದರೆ ಎಣ್ಣೆಗೂ ಸೊಪ್ಪಿಗೂ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ಮೈದಾನಕ್ಕೆ ಮರಳಬೇಕಾದರೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ, ಆಮೇಲೆ ಒಂಬತ್ತು ತಿಂಗಳೋ ಒಂದು ವರ್ಷವೋ ವ್ಯಾಯಾಮ.

ನಾನು ಅವಳ ಮನೆಗೆ ಹೋದೆ. ತಾಯಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು: 'ಎಂತ ಟೀಚರ್, ಹೆಣ್ಣುಮಕ್ಕಳಿಗೆ ಎಂತಕ್ಕೆ ಬೇಕಿತ್ತು ಈ ಚೆಂಡಾಟ? ನೀವಾದರೂ ಬೇಡ ಅಂತ ಹೇಳಬಾರದಿತ್ತಾ? ನಾಳೆ ಕಾಲು ಎಳೆದುಕೊಂಡು ನಡೆದರೆ ಇವಳನ್ನು ಯಾರು ಕೇಳಿಕೊಂಡು ಬರುತ್ತಾರೆ?' ನನ್ನಲ್ಲಿ ಉತ್ತರ ಇರಲಿಲ್ಲ. ಕೊಟ್ಟ ಕಾಫಿಯನ್ನು ಕುಡಿದು ಬಂದೆ.

ಮರುದಿನ ಶಾಲೆಯಲ್ಲಿ ಪಿ.ಟಿ. ಮಾಷ್ಟ್ರು ನನ್ನ ಬಳಿ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ, ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. 'ನಾನು ಸ್ಟ್ರೆಚಿಂಗ್ ಮಾಡಿಸಿದ್ದೇನೆ ಟೀಚರ್. ನೀವೇ ಕೂತು ನೋಡಿದ್ದೀರಲ್ಲ' ಎಂದರು. ಹೌದು, ನಾನೇ ಸಾಕ್ಷಿ. ಹದಿನೈದು ನಿಮಿಷ ಒಂದು ಸೆಕೆಂಡೂ ಬಿಡದೆ ಮಾಡಿಸಿದ್ದರು. ಅವರಿಗೆ ಅದು ಹಣ ಕಟ್ಟಿ ಪಡೆದ ರಶೀದಿಯ ಹಾಗೆ. ರಶೀದಿ ಇದೆ, ಆದ್ದರಿಂದ ತಪ್ಪು ನಮ್ಮದಲ್ಲ. ಹಾಗಾದರೆ ತಪ್ಪು ಯಾರದು? ಉಳಿದವಳು ಹುಡುಗಿ. ಅವಳ ಕಾಲು ಸರಿಯಿಲ್ಲ, ಅವಳ ಮೈ ಆಟಕ್ಕೆ ಹೇಳಿದ್ದಲ್ಲ. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಈ ತೀರ್ಪು ಆಗಿಹೋಗಿತ್ತು. ತೀರ್ಪು ಕೊಟ್ಟವರಲ್ಲಿ ಹೆಂಗಸರೇ ಹೆಚ್ಚು ಇದ್ದರು ಎಂಬುದನ್ನೂ ಹೇಳಿಬಿಡುತ್ತೇನೆ.

ಆ ದೀಪಾವಳಿಗೆ ನನ್ನ ತಂಗಿಯ ಮಗಳು ಮನೆಗೆ ಬಂದಿದ್ದಳು. ಫಿಸಿಯೋಥೆರಪಿ ಓದಿದವಳು. ಅವಳಲ್ಲಿ ಈ ಕಥೆ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, 'ದೊಡ್ಡಮ್ಮ, ಆಟಕ್ಕೆ ಮುಂಚೆ ಏನು ಮಾಡಿಸ್ತಿದ್ರು?' ನಾನು ಹೆಮ್ಮೆಯಿಂದಲೇ ವರ್ಣಿಸಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, 'ಓಡಿಸ್ತಿರಲಿಲ್ವಾ? ಹಾರಿ ಕೆಳಗಿಳಿಯೋದು ಹೇಗೆ ಅಂತ ಕಲಿಸ್ತಿರಲಿಲ್ವಾ?' ಎಂದಳು. ಹಾರಿ ಇಳಿಯುವುದನ್ನೂ ಕಲಿಸುತ್ತಾರೆಯೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಅಲ್ಲಿಂದ ಮುಂದೆ ಅವಳು ಕೊಟ್ಟದ್ದನ್ನೆಲ್ಲ ಓದಿದೆ. ತಿಳಿಯದ್ದನ್ನು ಫೋನಿನಲ್ಲಿ ಕೇಳಿದೆ. ಬಿ.ಎ., ಬಿ.ಎಡ್. ಮಾಡಿದವಳು ವೈದ್ಯಳಾಗುವುದಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟವಳಿಗೆ ಯಾವ ಉತ್ತರ ಪ್ರಶ್ನೆಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎನ್ನುವಷ್ಟು ತಿಳಿಯುತ್ತದೆ.

ಮೊದಲು ಕಾಲೆಳೆಯುವುದರ ಲೆಕ್ಕ. ಆಸ್ಟ್ರೇಲಿಯದ ಸೈನ್ಯಕ್ಕೆ ಹೊಸದಾಗಿ ಸೇರಿದ 1538 ಯುವಕರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರು ಪ್ರತಿ ಕವಾಯತಿಗೂ ಮುಂಚೆ ಕಾಲಿನ ಆರು ಸ್ನಾಯು ಗುಂಪುಗಳನ್ನು ಇಪ್ಪತ್ತು ಸೆಕೆಂಡ್‌ನಂತೆ ಎಳೆದು ಹಿಡಿದರು. ಇನ್ನೊಂದು ಪಾಲಿನವರು ಎಳೆಯಲಿಲ್ಲ. ಹನ್ನೆರಡು ವಾರ ಹೀಗೆ ನಡೆಯಿತು. ಫಲಿತಾಂಶ 2000ರಲ್ಲಿ ಪ್ರಕಟವಾಯಿತು. ಎರಡೂ ಕಡೆ ಗಾಯಗಳು ಹೆಚ್ಚುಕಡಿಮೆ ಒಂದೇ. ಎಳೆದವರಿಗೆ ಹೇಳಿಕೊಳ್ಳುವಂಥ ಲಾಭವೇನೂ ಸಿಗಲಿಲ್ಲ. ಎಳೆದರೆ ಮರುದಿನ ಮೈಕೈ ನೋವು ಬರುವುದಿಲ್ಲ ಎನ್ನುವ ಮಾತೂ ಅಷ್ಟೆ. ಹಲವು ಪರೀಕ್ಷೆಗಳನ್ನು ಒಟ್ಟುಮಾಡಿ 2011ರಲ್ಲಿ ನೋಡಿದಾಗ ನೋವು ತಗ್ಗಿದ್ದು ಲೆಕ್ಕಕ್ಕೆ ಸಿಗದಷ್ಟು ಸ್ವಲ್ಪ.

ಇನ್ನು ನಷ್ಟ. ಒಂದು ಸ್ನಾಯುವನ್ನು ಒಟ್ಟು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಎಳೆದು ಹಿಡಿದು, ಕೂಡಲೇ ಜಿಗಿಯಲು, ಓಡಲು ಹೊರಟರೆ, ಅದರ ಬಲ ಮತ್ತು ವೇಗ ಸ್ವಲ್ಪ ಹೊತ್ತಿಗೆ ಕುಗ್ಗುತ್ತದೆ. ಬಹಳವಲ್ಲ, ಸರಾಸರಿ ನೂರಕ್ಕೆ ನಾಲ್ಕೈದು ಪಾಲು. ನಮ್ಮ ಮಾಷ್ಟ್ರು ಮೂವತ್ತು ಮೂವತ್ತರಂತೆ ಎರಡು ಮೂರು ಸಲ ಎಣಿಸುತ್ತಿದ್ದರು. ನೀವೇ ಕೂಡಿಸಿ ನೋಡಿ. ಇಲ್ಲಿ ನಾನು ನ್ಯಾಯ ತಪ್ಪಬಾರದು. ಅರ್ಧ ನಿಮಿಷದೊಳಗಿನ ಎಳೆತದಿಂದ ಆಗುವ ನಷ್ಟ ಗಮನಕ್ಕೆ ಬಾರದಷ್ಟು ಸಣ್ಣದು. ಆಮೇಲೆ ಚೆನ್ನಾಗಿ ಓಡಾಡಿ ಮೈ ಬಿಸಿ ಮಾಡಿಕೊಂಡರೆ ಅದೂ ಉಳಿಯುವುದಿಲ್ಲ. ಎಳೆಯುವುದು ವಿಷವೇನಲ್ಲ. ಎಳೆದದ್ದರಿಂದಲೇ ಆ ಹುಡುಗಿಯ ಲಿಗಮೆಂಟ್ ಹರಿಯಿತೆಂದೂ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾದೀತು. ನಾನು ಹೇಳುವುದು ಇಷ್ಟೆ: ಆ ಹದಿನೈದು ನಿಮಿಷದಲ್ಲಿ ಅವಳಿಗೆ ಬೇಕಾದದ್ದು ಯಾವುದೂ ಅವಳಿಗೆ ಸಿಗಲಿಲ್ಲ.

ಬೇಕಾದದ್ದು ಏನು? ಮೊದಲನೆಯದು, ಮೈ ಬಿಸಿಯಾಗುವುದು. ಅಡುಗೆ ಮಾಡುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಣ ಹುಣಸೆಹಣ್ಣನ್ನು ನೀರಿಗೆ ಹಾಕದೆ ಕಿವುಚಿದರೆ ರಸ ಬರುತ್ತದೆಯೇ? ಕೈ ನೋಯುತ್ತದೆ ಅಷ್ಟೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ತಾನಾಗಿ ಬಿಡುತ್ತದೆ. ನಿಧಾನವಾಗಿ ಓಡಲು ತೊಡಗಿದರೆ ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ, ಅವು ಬೆಚ್ಚಗಾಗುತ್ತವೆ, ಬೇಗ ಬಿಗಿದು ಬೇಗ ಸಡಿಲವಾಗುತ್ತವೆ, ನರಗಳ ಅಪ್ಪಣೆಯೂ ಚುರುಕಾಗಿ ಮುಟ್ಟುತ್ತದೆ. ಜುಲೈ ತಿಂಗಳ ಮಳೆಗಾಳಿಯಲ್ಲಿ ಒಂಟಿ ಕಾಲಲ್ಲಿ ನಿಂತವಳಿಗೆ ಇದು ಯಾವುದೂ ಆಗುವುದಿಲ್ಲ. ಇದ್ದ ಬಿಸಿಯೂ ಇಳಿಯುತ್ತದೆ.

ಎರಡನೆಯದು, ನಿಲ್ಲುವುದನ್ನೂ ತಿರುಗುವುದನ್ನೂ ಇಳಿಯುವುದನ್ನೂ ಕಲಿಯುವುದು. ಈ ಲಿಗಮೆಂಟ್ ಹೆಚ್ಚಾಗಿ ಹರಿಯುವುದು ಯಾರೋ ಬಂದು ಗುದ್ದಿದಾಗ ಅಲ್ಲ. ಹಾರಿ ಇಳಿಯುವಾಗ, ಓಡುತ್ತಾ ಸರಕ್ಕನೆ ನಿಂತು ದಿಕ್ಕು ಬದಲಿಸುವಾಗ. ಫುಟ್‌ಬಾಲಿನಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಇದು ಎರಡು ಮೂರು ಪಾಲು ಹೆಚ್ಚು. ಈ ಮಾತು ಕೇಳಿದೊಡನೆ 'ನೋಡಿದಿರಾ, ನಾವು ಹೇಳಲಿಲ್ಲವೇ' ಎನ್ನುವವರಿದ್ದಾರೆ. ಸ್ವಲ್ಪ ತಡೆಯಿರಿ. ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ, ಪಾದದ ಮೇಲೆ ನೇರವಾಗಿ ಬರುವಂತೆ ಕಲಿಸಬಹುದು. ಸೊಂಟವನ್ನೂ ತೊಡೆಯ ಹಿಂಬದಿಯನ್ನೂ ಬಲಪಡಿಸಬಹುದು. ಹಾಗೆ ಕಲಿಸಿದಲ್ಲಿ ಗಾಯ ಇಳಿದಿದೆ.

ಫಿಫಾ ಸಂಸ್ಥೆಯ ವೈದ್ಯರು, ನಾರ್ವೆಯ ಮತ್ತು ಅಮೆರಿಕದ ತಜ್ಞರ ಜೊತೆ ಸೇರಿ 2006ರಲ್ಲಿ ಒಂದು ಕ್ರಮವನ್ನು ರೂಪಿಸಿದರು. ಇಲೆವೆನ್ ಪ್ಲಸ್ ಎಂದು ಅದರ ಹೆಸರು. ಒಟ್ಟು ಇಪ್ಪತ್ತು ನಿಮಿಷ, ಹದಿನೈದು ವ್ಯಾಯಾಮ. ಮೊದಲ ಎಂಟು ನಿಮಿಷ ಸಾವಕಾಶದ ಓಟ: ಓಡುತ್ತಲೇ ಮಂಡಿಯನ್ನು ಎತ್ತಿ ಹೊರಕ್ಕೆ ತಿರುಗಿಸುವುದು, ಒಳಕ್ಕೆ ತಿರುಗಿಸುವುದು, ಜೊತೆಗಾತಿಯ ಸುತ್ತ ಸುತ್ತುವುದು, ಹಾರಿ ಭುಜಕ್ಕೆ ಭುಜ ತಾಗಿಸಿ ಇಳಿಯುವುದು, ಮುಂದೆ ಹಿಂದೆ ಓಡುವುದು. ನಡುವಿನ ಹತ್ತು ನಿಮಿಷ ಬಲ ಮತ್ತು ಸಮತೋಲ: ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು, ಮಂಡಿಯೂರಿ ಕುಳಿತು ಜೊತೆಗಾತಿ ಹಿಮ್ಮಡಿ ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ಬಾಗುವುದು, ಒಂಟಿ ಕಾಲಿನ ನಿಲುವು, ಬಸ್ಕಿ, ಜಿಗಿತ. ಕೊನೆಯ ಎರಡು ನಿಮಿಷ ವೇಗದ ಓಟ ಮತ್ತು ತಿರುವು. ಅಷ್ಟರಲ್ಲಿ ನಿಂತಲ್ಲೇ ಕಾಲೆಳೆದು ಮೂವತ್ತು ಎಣಿಸುವ ವ್ಯಾಯಾಮ ಒಂದೂ ಇಲ್ಲ. ಬೇಕಾದ ಸಾಮಾನು, ಗುರುತು ಹಾಕಲು ಕೆಲವು ಕೋನುಗಳು. ಕೋನು ಇಲ್ಲದ ಶಾಲೆಯಲ್ಲಿ ತೆಂಗಿನ ಚಿಪ್ಪು ಆದೀತು.

ಇದನ್ನು ಪರೀಕ್ಷಿಸಿದ್ದು ಹುಡುಗಿಯರ ಮೇಲೆಯೇ. ನಾರ್ವೆಯ 125 ಕ್ಲಬ್ಬುಗಳ 13ರಿಂದ 17 ವರ್ಷದ 1892 ಹುಡುಗಿಯರು. 2007ರ ಆಟದ ಋತು, ಎಂಟು ತಿಂಗಳು. ಫಲಿತಾಂಶ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕಾಲಿನ ಗಾಯಗಳನ್ನಷ್ಟೇ ತೆಗೆದುಕೊಂಡರೆ ಇಳಿಕೆ ಕಂಡರೂ ಅದನ್ನು ನಿಸ್ಸಂದೇಹ ಎನ್ನುವಂತಿರಲಿಲ್ಲ. ಆದರೆ ಒಟ್ಟು ಗಾಯಗಳು ಮೂರರಲ್ಲಿ ಒಂದು ಪಾಲು ಇಳಿದವು. ದೀರ್ಘಕಾಲ ಮೂಲೆಗೆ ಕೂರಿಸುವ ತೀವ್ರ ಗಾಯಗಳು ಅರ್ಧಕ್ಕೆ ಹತ್ತಿರ ಇಳಿದವು. ಸ್ವೀಡನ್ನಿನಲ್ಲಿ 4564 ಹುಡುಗಿಯರ ಮೇಲೆ ಇಂಥದೇ ಇನ್ನೊಂದು ಪರೀಕ್ಷೆ ನಡೆಯಿತು. ಹದಿನೈದು ನಿಮಿಷದ ಆರು ವ್ಯಾಯಾಮ, ವಾರಕ್ಕೆ ಎರಡು ದಿನ. ನಾನು ಹೇಳಿದ ಆ ಲಿಗಮೆಂಟಿನ ಗಾಯವೇ ನೂರಕ್ಕೆ 64ರಷ್ಟು ಇಳಿಯಿತೆಂದು 2012ರಲ್ಲಿ ವರದಿಯಾಯಿತು. ಗಾಯಗಳ ಒಟ್ಟು ಸಂಖ್ಯೆಯೇ ಕಡಿಮೆ, ಆದ್ದರಿಂದ ಈ ಅಂಕಿಯನ್ನು ಹೊತ್ತು ಮೆರೆಯಬೇಕಿಲ್ಲ. ಆದರೆ ಇಷ್ಟು ದೊಡ್ಡ ಪರೀಕ್ಷೆಗಳು ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ಕಣ್ಣು ಮುಚ್ಚಿ ಕೂರುವುದಕ್ಕೆ ಏನು ಕಾರಣ?

ಕಾರಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. 'ನಾವೂ ಹೀಗೆಯೇ ಮಾಡಿ ಆಡಿದವರು ಟೀಚರ್, ನಮಗೇನೂ ಆಗಲಿಲ್ಲ' ಎನ್ನುವುದು ಮೊದಲನೆಯದು. ಆದವರು ಆಟ ಬಿಟ್ಟು ಮನೆ ಸೇರಿದರು. ಏನೂ ಆಗದವರು ಮಾತ್ರ ಉಳಿದು ಪಿ.ಟಿ. ಮಾಷ್ಟ್ರಾದರು. ಉಳಿದವರನ್ನೇ ಕೇಳಿದರೆ ಎಲ್ಲ ಕ್ರಮಗಳೂ ಒಳ್ಳೆಯವೇ.

'ಸಮಯ ಎಲ್ಲಿದೆ?' ಎನ್ನುವುದು ಎರಡನೆಯದು. ಐದೂವರೆಗೆ ಬಸ್ಸು, ಇರುವುದೇ ಒಂದು ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಹೋದರೆ ಆಡುವುದು ಯಾವಾಗ? ಒಪ್ಪಬೇಕಾದ ಕಷ್ಟ ಇದು. ಆದರೆ ಕಾಲೆಳೆಯಲು ಹದಿನೈದು ನಿಮಿಷ ಈಗಾಗಲೇ ಹೋಗುತ್ತಿದೆಯಲ್ಲ? ಅದನ್ನು ಬಿಡಿ, ಇನ್ನು ಐದು ನಿಮಿಷ ಕೂಡಿಸಿ. ಪಂದ್ಯದ ದಿನ ಓಟದ ಭಾಗಗಳಷ್ಟೇ ಸಾಕು ಎಂದು ಆ ಕ್ರಮವೇ ಹೇಳುತ್ತದೆ.

ಮೂರನೆಯದು ಯೋಗ. 'ನಮ್ಮ ಯೋಗಾಸನದಲ್ಲಿ ಇಲ್ಲದ್ದು ಅವರಲ್ಲಿ ಏನಿದೆ?' ಎಂದು ನನ್ನದೇ ಪ್ರಾಯದ ಒಬ್ಬ ಶಿಕ್ಷಕಿ ಸಿಟ್ಟಿನಿಂದ ಕೇಳಿದರು. ನಾನೂ ದಿನಾ ಬೆಳಿಗ್ಗೆ ಆಸನ ಹಾಕುವವಳು. ಹಾಕದ ದಿನ ಸೊಂಟ ನನ್ನ ಮಾತು ಕೇಳುವುದಿಲ್ಲ. ಪಶ್ಚಿಮೋತ್ತಾನಾಸನ ಒಳ್ಳೆಯದೇ. ಮೈ ಬಾಗುವ ಅಳವು ಹೆಚ್ಚಬೇಕಾದರೆ ಎಳೆತ ಬೇಕು, ವಾರಗಟ್ಟಲೆ ಬೇಕು. ಆದರೆ ಅದಕ್ಕೆ ಅದರದೇ ಹೊತ್ತಿದೆ. ಬೆಳಿಗ್ಗೆ ಮಾಡಲಿ, ರಾತ್ರಿ ಓದು ಮುಗಿಸಿ ಮಾಡಲಿ, ಆಟ ಮುಗಿದು ಮೈ ಬಿಸಿ ಇರುವಾಗ ಮಾಡಲಿ. ಮದುವೆಯ ಊಟದಲ್ಲಿ ಪಾಯಸ ಒಳ್ಳೆಯದೆಂದು ಎಲೆ ಹಾಕಿದೊಡನೆ ಪಾಯಸವನ್ನೇ ಸುರಿದರೆ ಊಟ ಮಾಡುವುದು ಹೇಗೆ?

ನಾಲ್ಕನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೇ ಹೇಳುತ್ತೇನೆ. ನಮ್ಮ ಮೈದಾನಕ್ಕೆ ಗೋಡೆ ಇರಲಿಲ್ಲ. ಬದಿಯಲ್ಲೇ ರಸ್ತೆ, ರಸ್ತೆಯಾಚೆ ಅಂಗಡಿ, ಅಂಗಡಿಯ ಮುಂದೆ ಬೆಂಚು. ಹುಡುಗಿಯರು ಕಾಲು ಅಗಲಿಸಿ ಕೂತು ಬಾಗುವ ಹೊತ್ತಿಗೆ ಬೆಂಚು ತುಂಬುತ್ತಿತ್ತು. ಹದಿನಾಲ್ಕು ವರ್ಷದ ಮಕ್ಕಳು ಅಂಗಿ ಕೆಳಗೆ ಎಳೆಯುತ್ತಾ, ತಲೆ ತಗ್ಗಿಸಿ, ಅರ್ಧಂಬರ್ಧ ಬಾಗಿ, ಎಣಿಕೆ ಯಾವಾಗ ಮುಗಿದೀತೆಂದು ಕಾಯುತ್ತಿದ್ದರು. ಅದನ್ನು ನಾನು ಕಟ್ಟೆಯ ಮೇಲಿನಿಂದ ಶಿಸ್ತು ಎಂದು ಓದಿಕೊಂಡಿದ್ದೆ. ನಿಂತ ಹುಡುಗಿಯನ್ನು ದಿಟ್ಟಿಸುವುದು ಸುಲಭ. ಓಡುವ ಹುಡುಗಿಯನ್ನು ದಿಟ್ಟಿಸುವುದು ಅಷ್ಟು ಸುಲಭವಲ್ಲ. ಓಡುವವಳಿಗೂ ಬೆಂಚಿನ ನೆನಪು ಉಳಿಯುವುದಿಲ್ಲ.

ಕೊನೆಯದು ಹಳೆಯ ಮಾತು: ಹೆಣ್ಣಿನ ಮೈ ಈ ಆಟಕ್ಕೆ ಹೇಳಿದ್ದಲ್ಲ. ಇದು ನಮ್ಮ ಊರಿನ ಮಾತು ಮಾತ್ರ ಎಂದುಕೊಂಡಿದ್ದೆ. 1920ರ ಕ್ರಿಸ್ಮಸ್ ಮರುದಿನ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹೆಂಗಸರ ಫುಟ್‌ಬಾಲ್ ಪಂದ್ಯ ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು. ಮರುವರ್ಷ, 1921ರ ಡಿಸೆಂಬರಿನಲ್ಲಿ, ಅಲ್ಲಿನ ಫುಟ್‌ಬಾಲ್ ಸಂಘ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ಹೇಳಿ ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಬಾಗಿಲು ತೆರೆದದ್ದು ಐವತ್ತು ವರ್ಷಗಳ ಮೇಲೆ. ಆ ಐವತ್ತು ವರ್ಷ ಹೆಂಗಸರ ಮಂಡಿಗೆ ಏನು ಬೇಕೆಂದು ಯೋಚಿಸುವ ಅಗತ್ಯವೇ ಯಾರಿಗೂ ಬೀಳಲಿಲ್ಲ. ಮೊದಲು ಬಾಗಿಲು ಹಾಕುವುದು, ಆಮೇಲೆ ಒಳಗೆ ಬಂದವಳು ಎಡವಿದರೆ 'ನೋಡಿ, ಇವಳಿಗೆ ನಡೆಯಲು ಬಾರದು' ಎನ್ನುವುದು. ನಮ್ಮದೇ ದೇಶದ ಹೆಣ್ಣುಮಕ್ಕಳು 2025ರ ಜುಲೈನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳನ್ನು ಗೆದ್ದು ಮೊದಲ ಬಾರಿಗೆ ಏಷ್ಯಾ ಕಪ್‌ಗೆ ಆಯ್ಕೆಯಾದರು. ಅವರ ಮೈಯೂ ಹೆಣ್ಣಿನ ಮೈಯೇ.

ಈಗ ನಮ್ಮ ಕಡೆಗೆ ಬರುತ್ತೇನೆ. ಪಿ.ಟಿ. ಮಾಷ್ಟ್ರನ್ನು ಬೈದು ಕೈ ತೊಳೆದುಕೊಂಡರೆ ಇದು ಅರ್ಧ ಬರಹವಾದೀತು. ಹುಡುಗನೊಬ್ಬ ಐದನೇ ವರ್ಷದಿಂದ ರಸ್ತೆಯಲ್ಲಿ, ಗದ್ದೆಯಲ್ಲಿ ಓಡುತ್ತಾನೆ. ಗೋಡೆ ಹಾರುತ್ತಾನೆ, ಮರದಿಂದ ಧುಮುಕುತ್ತಾನೆ, ಬೀಳುತ್ತಾನೆ, ಬೈಗುಳ ತಿಂದು ಮತ್ತೆ ಧುಮುಕುತ್ತಾನೆ. ಹೇಗೆ ಇಳಿಯಬೇಕೆಂದು ಅವನ ಕಾಲು ಎಷ್ಟೋ ವರ್ಷ ತಾನೇ ಕಲಿತಿರುತ್ತದೆ. ಅವನ ಅಕ್ಕತಂಗಿಯರನ್ನು ನಾವು ಹತ್ತು ವರ್ಷಕ್ಕೆ ಒಳಗೆ ಕರೆದೆವು. 'ಹಾಗೆಲ್ಲ ಹಾರಬಾರದು', 'ಕಾಲು ಸೇರಿಸಿ ಕೂತುಕೋ', 'ಮೆಲ್ಲ ನಡೆ'. ಹೇಳಿದವರು ಯಾರು? ನನ್ನ ಮಗಳಿಗೆ ನಾನೇ ಹೇಳಿದ್ದೇನೆ. ನಾಲ್ಕು ವರ್ಷ ಹಾರದ ಹುಡುಗಿಗೆ ಒಂಬತ್ತನೇ ತರಗತಿಯಲ್ಲಿ ತಂಡಕ್ಕೆ ಹನ್ನೊಂದನೆಯವಳು ಬೇಕೆಂದು ಒಂದು ದಿನ ಅಣ್ಣನ ಹಳೆಯ ಶೂ ತೊಡಿಸಿ, ಮೈದಾನಕ್ಕಿಳಿಸಿ, ಹಾರು ಎನ್ನುತ್ತೇವೆ. ಹುಡುಗಿಯರಿಗೆ ಗಾಯ ಹೆಚ್ಚಾಗಲು ಮೈಯ ರಚನೆ, ಹಾರ್ಮೋನು ಎಂದು ಹಲವು ಕಾರಣಗಳನ್ನು ತಜ್ಞರು ಚರ್ಚಿಸುತ್ತಾರೆ. ಅವುಗಳನ್ನು ನಾನು ಬದಲಿಸಲಾರೆ. ಆದರೆ ಇಳಿಯಲು ಕಲಿಸದೆ ಇಳಿಸುವ ಈ ಒಂದು ಕಾರಣ ನಮ್ಮ ಕೈಯಲ್ಲಿದೆ. ಆದ್ದರಿಂದಲೇ ಆ ಇಪ್ಪತ್ತು ನಿಮಿಷ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಸಲ್ಲಬೇಕಾದ ಬಾಕಿ. ನಾವು ಅಂಗಳದಿಂದ ಕಿತ್ತುಕೊಂಡದ್ದನ್ನು ಮೈದಾನದಲ್ಲಿ ಮರಳಿ ಕೊಡುವ ಲೆಕ್ಕ ಅದು.

ಮುಂದಿನ ವರ್ಷ, 2019ರಲ್ಲಿ, ನಾನು ಆ ಇಪ್ಪತ್ತು ನಿಮಿಷದ ಚಿತ್ರಗಳನ್ನು ಒಂದು ಡ್ರಾಯಿಂಗ್ ಹಾಳೆಗೆ ಬರೆಸಿ ಪಿ.ಟಿ. ಮಾಷ್ಟ್ರ ಮೇಜಿನ ಮೇಲಿಟ್ಟೆ. ಅವರಿಗೆ ಕೋಪ ಬಂತು. ಸಮಾಜ ಪಾಠದವರು ಆಟ ಕಲಿಸಲು ಬಂದರೆ ಯಾರಿಗಾದರೂ ಬರುತ್ತದೆ. ಹದಿನೈದು ದಿನ ಹಾಳೆ ಹಾಗೆಯೇ ಬಿದ್ದಿತ್ತು. ಆಮೇಲೆ ಒಂದು ಸಂಜೆ ಸೀಟಿ ಊದಿ, ನನ್ನ ಕಡೆ ನೋಡದೆ, 'ಇವತ್ತು ಮೊದಲು ಓಡುವುದು' ಎಂದರು. ನಿಂತು ಎಳೆಯುವುದನ್ನು ಅವರು ಪೂರ್ತಿ ಬಿಡಲಿಲ್ಲ; ಆಟದ ಕೊನೆಗೆ ತಳ್ಳಿದರು. ಅದು ಸರಿಯಾದ ಜಾಗವೇ. ಆ ವರ್ಷ ತಂಡದಲ್ಲಿ ಯಾರಿಗೂ ದೊಡ್ಡ ಗಾಯವಾಗಲಿಲ್ಲ. ಒಂದು ಶಾಲೆಯ ಹದಿನಾಲ್ಕು ಹುಡುಗಿಯರ ಒಂದು ವರ್ಷದಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೂ ಗೊತ್ತು. ತಾಲ್ಲೂಕು ಪಂದ್ಯದಲ್ಲಿ ಸೋತೆವು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎಡಗಾಲಿನ ಆ ಹುಡುಗಿಗೆ ಶಸ್ತ್ರಚಿಕಿತ್ಸೆಯಾಯಿತು. ತಂದೆ ಸಾಲ ಮಾಡಿದರು. ವರ್ಷದ ಮೇಲೆ ಅವಳು ನೆಟ್ಟಗೆ ನಡೆದಳು, ಓಡಿದಳು, ಆದರೆ ತಂಡಕ್ಕೆ ಮರಳಲು ಮನೆಯವರು ಬಿಡಲಿಲ್ಲ. ಅವಳು ಹತ್ತನೇ ತರಗತಿಯ ಬ್ಯಾಗು ಹೊತ್ತುಕೊಂಡೇ ಸಂಜೆ ಕಟ್ಟೆಯ ಮೇಲೆ ನನ್ನ ಬದಿ ಬಂದು ಕೂರುತ್ತಿದ್ದಳು. ಸಣ್ಣ ಹುಡುಗಿಯರು ಹಾರಿ ಇಳಿಯುವಾಗ ಕೂತಲ್ಲಿಂದಲೇ ಕೂಗುತ್ತಿದ್ದಳು: 'ಏ, ಮಂಡಿ! ಮಂಡಿ ಒಳಗೆ ಬರ್ತಾ ಇದೆ ನೋಡು!' ಅವಳಿಗೆ ಅದನ್ನು ಯಾರಾದರೂ ಒಂದು ವರ್ಷ ಮುಂಚೆ ಕೂಗಿ ಹೇಳಿದ್ದರೆ ಎಂದು ನಾನು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ.

ನಿಮ್ಮ ಮಗಳೋ ತಮ್ಮನ ಮಗಳೋ ಪಕ್ಕದ ಮನೆಯವಳೋ ಶಾಲೆಯ ತಂಡದಲ್ಲಿದ್ದರೆ ಒಂದು ಸಂಜೆ ಮೈದಾನಕ್ಕೆ ಹೋಗಿ ಬನ್ನಿ. ಪಂದ್ಯದ ದಿನ ಬೇಡ, ಅಭ್ಯಾಸದ ದಿನ ಹೋಗಿ. ಮೊದಲ ಇಪ್ಪತ್ತು ನಿಮಿಷ ನೋಡಿ. ಮಕ್ಕಳು ಓಡಿ ಬೆವರುತ್ತಿದ್ದಾರೆಯೇ, ನಿಂತು ಎಣಿಸುತ್ತಿದ್ದಾರೆಯೇ? ಹಾರಿ ಇಳಿಯುವುದನ್ನು ಯಾರಾದರೂ ನೋಡಿ ತಿದ್ದುತ್ತಿದ್ದಾರೆಯೇ? ಶೂ ಅವಳ ಕಾಲಿನ ಅಳತೆಯದೇ? ತಿದ್ದುವವರಿಲ್ಲದಿದ್ದರೆ ಪಿ.ಟಿ. ಮಾಷ್ಟ್ರನ್ನು ಕೇಳಿ, ಮುಖ್ಯೋಪಾಧ್ಯಾಯರನ್ನು ಕೇಳಿ. ಅವರಿಗೆ ಸಿಟ್ಟು ಬಂದೀತು, ಬರಲಿ. ಅಂಕ ಎರಡು ಕಡಿಮೆಯಾದರೆ ಶಾಲೆಯ ಬಾಗಿಲಿಗೆ ಬಂದು ನಿಲ್ಲುವ ತಾಯಂದಿರನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ಮಂಡಿಯ ವಿಷಯ ಕೇಳಲು ಒಬ್ಬರೂ ಬಂದದ್ದಿಲ್ಲ.